ಟೀವಿಲಿ ಓಡದ ವಿಡಿಯೋ ಓಡಿಸೋದು ಹೇಗೆ: ಕನ್ವರ್ಟ್ ಬಟನ್ ಒತ್ತೋಕ್ ಮುಂಚೆ ಮಾಡ್ಬೇಕಾದ ಕೆಲ್ಸ

"ಸಾ, ಚಿತ್ರ ಬತ್ತದೆ, ಸೌಂಡೇ ಇಲ್ಲ ಕಣ್ ಸಾ."

ಬೀಗರೂಟದ ಹಿಂದಿನ ಸಂಜೆ ಪಾಂಡವಪುರ ಕಡೆಯವರೊಬ್ರು ಮಂಡ್ಯದ ನಮ್ಮ ಅಂಗಡಿಗೆ ಪೆನ್ ಡ್ರೈವ್ ಹಿಡ್ಕೊಂಡು ಬಂದು ಹೇಳಿದ್ ಮಾತು ಇದು. ಮಗಳ ಧಾರೆ ವಿಡಿಯೋ, ಊಟಕ್ಕೆ ಬಂದೋರು ನೋಡ್ಲಿ ಅಂತ ಶಾಮಿಯಾನದಲ್ಲಿ ದೊಡ್ಡ ಟೀವಿ ಇಡ್ಸಿದ್ರಂತೆ, ಹಾಕಿ ನೋಡಿದ್ರೆ ವಾಲಗದವರ ಕೆನ್ನೆ ಉಬ್ತಾ ಇದೆ, ಶಬ್ದ ಮಾತ್ರ ಇಲ್ಲ. ಸರಿ ಅಂತ ಅವರ ಮನೆ ಹುಡುಗ ಯಾವ್ದೋ ಆನ್‌ಲೈನ್ ಕನ್ವರ್ಟರಿಗೆ ಹಾಕಿ ಮೂರು ಸಲ ಕನ್ವರ್ಟ್ ಮಾಡಿದ್ದ, ಕನ್ವರ್ಟ್ ಆಗಿದ್ದನ್ನೇ ಮತ್ತೆ ಕನ್ವರ್ಟ್, ಮೂರನೇ ಸಲಕ್ಕೆ ಮದುಮಗಳ ಮುಖ ಅಕ್ಕಿಹಿಟ್ಟು ಕಲೆಸಿದಂಗೆ ಆಗೋಗಿತ್ತು, ಜಾಗ ಸಾಲ್ದು ಅಂತ ಒರಿಜಿನಲ್ ಬೇರೆ ಡಿಲೀಟ್ ಮಾಡ್ಬಿಟ್ಟಿದ್ದ. ಪುಣ್ಯಕ್ಕೆ ಸ್ಟುಡಿಯೋದವರ ಹತ್ರ ಇನ್ನೊಂದು ಕಾಪಿ ಇತ್ತು. ತೆಗೆದು ನೋಡಿದ್ರೆ ಚಿತ್ರದಲ್ಲಿ ಏನೂ ತೊಂದ್ರೆ ಇಲ್ಲ, ಆಡಿಯೋ ಮಾತ್ರ ಪಿಸಿಎಂ ಅನ್ನೋ ಬಗೆಯದು, ಆ ಟೀವಿಗೆ ಅದನ್ನ ಓದೋಕೆ ಬರಲ್ಲ ಅಷ್ಟೇ. ಆಡಿಯೋ ಒಂದನ್ನೇ ಬದಲಾಯಿಸಿದ್ವಿ, ಕಾಫಿ ಕುಡಿದು ಲೋಟ ಇಡೋಷ್ಟ್ರಲ್ಲಿ ಆಯ್ತು.

ಇಂಥ ಕೇಸು ಬರ್ತಾನೇ ಇರ್ತವೆ, ಎಲ್ಲಾರೂ ಎಡವೋದು ಒಂದೇ ಕಡೆ: ಫೈಲ್ ಒಳಗೆ ಏನಿದೆ ಅಂತ ನೋಡದೆ ನೇರವಾಗಿ ಕನ್ವರ್ಟ್ ಮಾಡೋಕೆ ಕೂತ್ಕೊಳ್ಳೋದು. ಅದಕ್ಕೇ ಕೆಳಗೆ ಹೇಳಿರೋ ಆರ್ಡರಲ್ಲೇ ಹೋಗಿ, ಹಂತ ಹಾರ್ಬೇಡಿ. ತುಂಬಾ ಜನಕ್ಕೆ ಆರನೇ ಹಂತಕ್ಕೆ ಬರೋ ಅಗತ್ಯನೇ ಬೀಳಲ್ಲ.

ಹಂತ 1: ಒರಿಜಿನಲ್ ಪಕ್ಕಕ್ಕಿಡಿ, ಸಾಮಾನು ಜೋಡಿಸ್ಕೊಳ್ಳಿ

ಮೊದಲು ಪೆನ್ ಡ್ರೈವಲ್ಲಿರೋ ಫೈಲನ್ನ ಕಂಪ್ಯೂಟರಿಗೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಮುಂದೆ ಏನೇ ಮಾಡಿದ್ರೂ ಆ ಕಾಪಿ ಮೇಲೆ. ಪೆನ್ ಡ್ರೈವಿಂದ ಡಿಲೀಟ್ ಆಗಿದ್ದು ರೀಸೈಕಲ್ ಬಿನ್ನಿಗೆ ಹೋಗಲ್ಲ, ಇದು ಗೊತ್ತಿಲ್ದೆ ಅತ್ತೋರು ಬಹಳ ಜನ.

ಬೇಕಾಗೋ ಸಾಫ್ಟ್‌ವೇರ್ ನಾಲ್ಕೇ, ನಾಲ್ಕೂ ಫ್ರೀ: ನೋಡೋಕೆ ವಿಎಲ್‌ಸಿ, ಫೈಲ್ ಒಳಗೆ ಏನಿದೆ ಅಂತ ತಿಳ್ಕೊಳ್ಳೋಕೆ ಮೀಡಿಯಾಇನ್ಫೋ, ಚಿತ್ರ ಮುಟ್ಟದೆ ಫೈಲಿನ ಬಗೆ (ಎಂಕೆವಿ, ಎಂಪಿ4 ಥರದ್ದು) ಇಲ್ಲಾ ಶಬ್ದ ಮಾತ್ರ ಬದಲಾಯಿಸೋಕೆ ಅವಿಡೆಮಕ್ಸ್, ಪೂರ್ತಿ ಕನ್ವರ್ಟ್ ಮಾಡೋಕೆ ಹ್ಯಾಂಡ್‌ಬ್ರೇಕ್. ಪ್ರತಿಯೊಂದನ್ನೂ ಅದರದ್ದೇ ಸೈಟಿಂದ ಇಳಿಸ್ಕೊಳ್ಳಿ, ವಿಎಲ್‌ಸಿ ಆದ್ರೆ ವಿಡಿಯೋಲ್ಯಾನ್ ಡಾಟ್ ಆರ್ಗ್. ಗೂಗಲಲ್ಲಿ ಹುಡುಕಿದಾಗ ಮೇಲೆ ಬರೋ ಜಾಹೀರಾತು ಲಿಂಕ್ ಒತ್ತಬೇಡಿ.

ಇಲ್ಲೇ ಒಂದು ಎಚ್ಚರಿಕೆ. "ಈ ವಿಡಿಯೋ ನೋಡಬೇಕಂದ್ರೆ ಈ ಕೋಡೆಕ್ ಪ್ಯಾಕ್ ಹಾಕ್ಕೊಳ್ಳಿ", "ನಮ್ಮದೇ ಪ್ಲೇಯರ್ ಇನ್‌ಸ್ಟಾಲ್ ಮಾಡಿ" ಅಂತ ಯಾವುದಾದ್ರೂ ಸೈಟು ಅಥವಾ ಫೈಲ್ ಕೇಳ್ತು ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಕೋಡೆಕ್ ಅಂದ್ರೆ ಹಿಂಡಿಟ್ಟ ಚಿತ್ರ, ಶಬ್ದನ ಬಿಚ್ಚಿ ಓದೋ ಭಾಗ, ವಿಎಲ್‌ಸಿ ಒಳಗೇ ಬೇಕಾದ್ದೆಲ್ಲಾ ಇರುತ್ತೆ. ಇನ್ನೊಂದು, ವಿಂಡೋಸ್ ತಾನಾಗೇ ಫೈಲ್ ಹೆಸರಿನ ಬಾಲ ಅಡಗಿಸಿಟ್ಟಿರುತ್ತೆ, ಹಂಗಾಗಿ ಎಂಪಿ4 ಅಂತ ಕಾಣೋದು ನಿಜವಾಗಿ ಡಾಟ್ ಇಎಕ್ಸ್‌ಇ ಆಗಿರಬಹುದು. ಫೋಲ್ಡರ್ ತೆಗೆದು ವ್ಯೂ, ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕ್ಕೊಳ್ಳಿ. ಬಾಲದಲ್ಲಿ ಇಎಕ್ಸ್‌ಇ ಇದ್ರೆ ಅದು ವಿಡಿಯೋ ಅಲ್ಲ, ಪ್ರೋಗ್ರಾಂ, ವೈರಸ್ಸೇ ಇದ್ರೂ ಇರಬಹುದು.

ಹಂತ 2: ಫೈಲ್ ಕೆಟ್ಟಿದ್ಯಾ, ಟೀವಿಗೆ ಬರಲ್ವಾ? ವಿಎಲ್‌ಸಿಲಿ ಹಾಕಿ ನೋಡಿ

ಕಾಪಿ ಮಾಡಿದ ಫೈಲನ್ನ ವಿಎಲ್‌ಸಿಲಿ ಓಪನ್ ಮಾಡಿ. ಶುರು ಮಾತ್ರ ನೋಡಿ ಸುಮ್ನಾಗ್ಬೇಡಿ, ಮಧ್ಯಕ್ಕೆ ಎಳೀರಿ, ಕೊನೆಗೂ ಎಳೀರಿ. ಮೂರು ಕಡೆನೂ ಚಿತ್ರ, ಶಬ್ದ ಎರಡೂ ಸರಿ ಇದ್ರೆ ಫೈಲ್ ಗಟ್ಟಿಯಾಗಿದೆ, ತೊಂದ್ರೆ ಇರೋದು ಟೀವಿ ಅಥವಾ ಫೋನ್ ಕಡೆ. ಮೂರನೇ ಹಂತಕ್ಕೆ ಹೋಗಿ.

ವಿಎಲ್‌ಸಿಲೂ ಓಡ್ಲಿಲ್ಲ ಅಂದ್ರೆ ಕನ್ವರ್ಟ್ ಮಾಡಿ ಪ್ರಯೋಜನ ಇಲ್ಲ. ಫೈಲ್ ಅರ್ಧ ಕಾಪಿ ಆಗಿರುತ್ತೆ, ಇಜೆಕ್ಟ್ ಮಾಡ್ದೆ ಪೆನ್ ಡ್ರೈವ್ ಕಿತ್ತಿರ್ತೀರ, ಇಲ್ಲಾ ಡೌನ್‌ಲೋಡ್ ಮಧ್ಯದಲ್ಲೇ ನಿಂತಿರುತ್ತೆ. ಕೊಟ್ಟೋರ ಹತ್ರ ಇರೋ ಫೈಲ್ ಸೈಜು ಎಷ್ಟು, ನಿಮ್ಮದು ಎಷ್ಟು ಅಂತ ಬೈಟ್ ಲೆಕ್ಕದಲ್ಲಿ ಹೋಲಿಸಿ. ರೆಕಾರ್ಡ್ ಆಗ್ತಿರ್ಬೇಕಾದ್ರೆ ಬ್ಯಾಟರಿ ಹೋಗಿ ನಿಂತ ಎಂಪಿ4 ಆದ್ರೆ ಅದು ಬೇರೆ ಕಥೆ. ಯಾವ ಚಿತ್ರ ಎಲ್ಲಿದೆ ಅನ್ನೋ ಪಟ್ಟಿನ ಕ್ಯಾಮೆರಾ ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿಸುವಾಗ ಬರೆಯೋದು, ಆ ಪಟ್ಟಿ ಇಲ್ದೆ ಫೈಲ್ ಜಿಬಿಗಟ್ಟಲೆ ಇದ್ರೂ ತೆಗೆಯೋಕಾಗಲ್ಲ. ಅನ್‌ಟ್ರಂಕ್ ಅನ್ನೋ ಟೂಲ್ ಇದೆ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಲ್ಲಿ ತೆಗೆದ ಒಂದು ಒಳ್ಳೆ ಫೈಲ್ ತೋರ್ಸಿದ್ರೆ ಕೆಲವು ಸಲ ಎತ್ತಿಕೊಡುತ್ತೆ. ಹಂಗಾಗಿ ಕೆಟ್ಟಿರೋ ಫೈಲ್ ಎಸೀಬೇಡಿ.

ವಿಎಲ್‌ಸಿಲಿ ಹಸಿರು ಹಸಿರಾಗಿ ಬಂದ್ರೆ, ಚೌಕ ಚೌಕ ಒಡೆದ್ರೆ, ಫೈಲ್ ಬಯ್ಯೋಕೆ ಮುಂಚೆ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್ ಅನ್ನೋದನ್ನ ಡಿಸೇಬಲ್ ಮಾಡಿ ಇನ್ನೊಂದ್ ಸಲ ಓಪನ್ ಮಾಡಿ. ಗ್ರಾಫಿಕ್ಸ್ ಡ್ರೈವರ್ ಹಳೇದಿದ್ರೆ ಹಿಂಗಾಗುತ್ತೆ.

ಹಂತ 3: ಕ್ಯಾರಿಯರ್ ಬಿಚ್ಚಿ ನೋಡಿ

ಇದೇ ಮುಖ್ಯವಾದ ಹಂತ, ಎಲ್ಲಾರೂ ಹಾರಿಸೋದೂ ಇದನ್ನೇ.

ಎಂಪಿ4, ಎಂಕೆವಿ, ಎವಿಐ, ಎಂಓವಿ ಇವೆಲ್ಲಾ ಬರೀ ಊಟದ ಕ್ಯಾರಿಯರ್ ಇದ್ದಂಗೆ. ಒಂದು ಡಬ್ಬಿಲಿ ಚಿತ್ರ, ಇನ್ನೊಂದ್ರಲ್ಲಿ ಶಬ್ದ, ಇದ್ರೆ ಮೂರನೇದ್ರಲ್ಲಿ ಸಬ್‌ಟೈಟಲ್. ಒಳಗೆ ಮುದ್ದೆ ಇದ್ಯೋ ಚಿತ್ರಾನ್ನ ಇದ್ಯೋ ಹೊರಗಿಂದ ಗೊತ್ತಾಗಲ್ಲ. ಒಂದೇ ಎಂಪಿ4 ಒಳಗೆ ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಇರಬಹುದು, ಮೂರೂ ಚಿತ್ರನ ಹಿಂಡಿ ಸಣ್ಣ ಮಾಡೋ ಬೇರೆ ಬೇರೆ ಬಗೆಗಳು. ಟೀವಿಗೆ ಮೊದಲನೇದು ಜೀರ್ಣ ಆಗುತ್ತೆ, ಮೂರನೇದು ಆಗ್ದೇ ಇರಬಹುದು. "ಅಣ್ಣಾ ಎರಡೂ ಎಂಪಿ4ಏ, ಒಂದು ಓಡುತ್ತೆ ಒಂದು ಓಡಲ್ಲ" ಅನ್ನೋ ಪ್ರಶ್ನೆಗೆ ಇದೇ ಉತ್ತರ. ಇದರ ಜೊತೆಗೇ ಇನ್ನೊಂದು: ಫೈಲ್ ಹೆಸರಲ್ಲಿ ಎಂಕೆವಿ ಅಳಿಸಿ ಎಂಪಿ4 ಅಂತ ಬರೆದ್ರೆ ಅದು ಕನ್ವರ್ಟ್ ಆಗಲ್ಲ, ಕ್ಯಾರಿಯರ್ ಮೇಲಿನ ಚೀಟಿ ಬದಲಾಯ್ತು ಅಷ್ಟೇ.

ಮೀಡಿಯಾಇನ್ಫೋಲಿ ಫೈಲ್ ಎಳೆದು ಹಾಕಿ, ಐದು ಸಾಲು ಒಂದು ಚೀಟಿಲಿ ಬರ್ಕೊಳ್ಳಿ: ವಿಡಿಯೋ ಫಾರ್ಮ್ಯಾಟ್ ಏನು, ಬಿಟ್ ಡೆಪ್ತ್ 8ಆ 10ಆ, ಅಗಲ ಎತ್ತರ ಎಷ್ಟು, ಫ್ರೇಮ್ ರೇಟ್ ಎಷ್ಟು, ಆಡಿಯೋ ಫಾರ್ಮ್ಯಾಟ್ ಏನು. ಇದರಲ್ಲಿ ಎಚ್.264ನ್ನ ಎವಿಸಿ ಅಂತಲೂ, ಎಚ್.265ನ್ನ ಎಚ್‌ಇವಿಸಿ ಅಂತಲೂ ತೋರ್ಸುತ್ತೆ, ಗಾಬರಿ ಬೇಡ, ಒಂದೊಂದಕ್ಕೂ ಎರಡೆರಡು ಹೆಸರು ಅಷ್ಟೇ.

ಚೀಟಿ ಹಿಂಗೆ ಓದ್ಕೊಳ್ಳಿ. ಎವಿಸಿ, 8 ಬಿಟ್, 1920 ಇಂಟು 1080 ಒಳಗೆ, ಆಡಿಯೋ ಎಎಸಿ ಅಂತಿದ್ರೆ ಅದು ಹೆಚ್ಚು ಕಮ್ಮಿ ಎಲ್ಲಾ ಕಡೆ ಓಡ್ಬೇಕು, ಓಡ್ತಿಲ್ಲ ಅಂದ್ರೆ ಪೆನ್ ಡ್ರೈವ್ ಮೇಲೆ ಅನುಮಾನ ಪಡಿ, ನಾಲ್ಕನೇ ಹಂತ ನೋಡಿ. ವಿಡಿಯೋ ಎವಿಸಿ ಇದ್ದು ಆಡಿಯೋ ಮಾತ್ರ ಡಿಟಿಎಸ್, ಎಸಿ3, ಇ-ಎಸಿ3 ಅಥವಾ ಪಿಸಿಎಂ ಇದ್ರೆ ಚಿತ್ರ ಬಂದು ಶಬ್ದ ಬರದೇ ಇರೋ ಕೇಸು, ಐದನೇ ಹಂತ. ಎವಿಸಿ ಆದ್ರೂ 10 ಬಿಟ್ ಅಂತ ಬಂದ್ರೆ ಟೀವಿಲಿ ಆಸೆ ಬಿಡಿ, ಅದನ್ನ ಓಡಿಸೋ ಚಿಪ್ಪು ಸಿಗೋದೇ ಅಪರೂಪ, ಆರನೇ ಹಂತ. ಎಚ್‌ಇವಿಸಿ ಇದ್ರೆ ಸಾಧನದ ವಯಸ್ಸು ನೋಡ್ಬೇಕು: ಲ್ಯಾಪ್‌ಟಾಪಲ್ಲಿ ಇಂಟೆಲ್ 6ನೇ ಜನರೇಷನ್ನಿಂದ 8 ಬಿಟ್ ಎಚ್‌ಇವಿಸಿ, 7ನೇದ್ರಿಂದ 10 ಬಿಟ್ ಕೂಡ ಚಿಪ್ಪಿನಲ್ಲೇ ಓಡುತ್ತೆ. ಅದಕ್ಕಿಂತ ಹಳೇದ್ರಲ್ಲಿ ಪೂರ್ತಿ ಹೊರೆ ಪ್ರೊಸೆಸರ್ ತಲೆ ಮೇಲೆ, ಫ್ಯಾನು ಗಿರಣಿ ಥರ ಸದ್ದು ಮಾಡುತ್ತೆ, ಚಿತ್ರ ತಡವರಿಸ್ಕೊಂಡು ಬರುತ್ತೆ. ಎವಿ1 ಬೇಕಂದ್ರೆ 11ನೇ ಜನರೇಷನ್. ಇವೆರಡೂ ನಿಮ್ಮ ಸಾಧನದಲ್ಲಿ ಓಡದಿದ್ರೆ ಆರನೇ ಹಂತ.

ವಿಂಡೋಸಲ್ಲಿ ಮೊದಲಿಂದ ಇರೋ ಪ್ಲೇಯರು ಎಚ್‌ಇವಿಸಿ ಫೈಲಿಗೆ ದುಡ್ಡು ಕೊಟ್ಟು ಎಕ್ಸ್‌ಟೆನ್ಷನ್ ತಗೊಳ್ಳಿ ಅಂತ ಕೇಳುತ್ತಲ್ಲ, ಸುಮ್ನೆ ನೋಡೋಕಷ್ಟೇ ಆದ್ರೆ ಕೊಡ್ಬೇಡಿ, ವಿಎಲ್‌ಸಿಲಿ ಹಂಗೇ ಓಡುತ್ತೆ.

ಹಂತ 4: ಪೆನ್ ಡ್ರೈವ್ ಫಾರ್ಮ್ಯಾಟ್

ಎಫ್‌ಎಟಿ32 ಅನ್ನೋ ಫಾರ್ಮ್ಯಾಟಿನ ಪೆನ್ ಡ್ರೈವಲ್ಲಿ ಒಂದೊಂದು ಫೈಲೂ 4 ಜಿಬಿ ದಾಟಂಗಿಲ್ಲ. 64 ಜಿಬಿ ಖಾಲಿ ಇದ್ರೂ "ಫೈಲ್ ತುಂಬಾ ದೊಡ್ಡದು" ಅಂತ ಕಂಪ್ಯೂಟರ್ ಗೊಣಗೋದು ಇದಕ್ಕೇ. ಲೆಕ್ಕ ಬೇಕಂದ್ರೆ, 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ವಿಡಿಯೋ ಗಂಟೆಗೆ 3.6 ಜಿಬಿ ತಿನ್ನುತ್ತೆ, ಅಂದ್ರೆ ಒಂದ್ ಗಂಟೆ ಹತ್ತು ನಿಮಿಷಕ್ಕೆ ಗಡಿ ಮುಟ್ಟುತ್ತೆ. ಮದುವೆ ವಿಡಿಯೋ ಎಲ್ಲಿ ಅಷ್ಟಕ್ಕೆ ಮುಗೀತದೆ, ವರಪೂಜೆನೇ ಅಷ್ಟಿರುತ್ತೆ.

ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಫೈಲ್ ಸಿಸ್ಟಮ್ ಯಾವ್ದು ಅಂತ ಅಲ್ಲೇ ಇರುತ್ತೆ. ದೊಡ್ಡ ಫೈಲ್ ಇದ್ರೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟ್ ಬೇಕು. ಎಲ್ಲಾ ಟೀವಿನೂ ಎರಡನ್ನೂ ಓದಲ್ಲ, ಹಳೇ ಟೀವಿ ಎಕ್ಸ್‌ಫ್ಯಾಟ್ ಕಂಡ್ರೆ ಪೆನ್ ಡ್ರೈವೇ ಹಾಕಿಲ್ಲ ಅನ್ನೋ ಥರ ಕೂತಿರುತ್ತೆ, ಆಗ ಎನ್‌ಟಿಎಫ್‌ಎಸ್ ಮಾಡಿ ನೋಡಿ. ಕಾರ್ ಸ್ಟೀರಿಯೋಗೆ ಮಾತ್ರ ಎಫ್‌ಎಟಿ32ಏ ಸೇಫು. ಫಾರ್ಮ್ಯಾಟ್ ಅಂದ್ರೆ ಒಳಗಿರೋದೆಲ್ಲಾ ಹೋಯ್ತು ಅಂತ ಅರ್ಥ, ಒಂದನೇ ಹಂತ ಮಾಡಿದ್ದೀರ ತಾನೆ?

ಫೈಲ್ ಹೆಸರು ಕನ್ನಡದಲ್ಲಿದ್ರೆ ಕೆಲವು ಟೀವಿ ಡಬ್ಬ ಡಬ್ಬ ತೋರ್ಸುತ್ತೆ, ಕೆಲವು ಪಟ್ಟಿಲೇ ತೋರ್ಸಲ್ಲ. ಟೀವಿಗೆ ಹಾಕೋ ಕಾಪಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರಿಡಿ, ಭಾಷಾಭಿಮಾನ ಆಮೇಲೆ.

ಹಂತ 5: ಕ್ಯಾರಿಯರ್ ಮಾತ್ರ ಬದಲಾಯಿಸೋದು, ಇಲ್ಲಾ ಶಬ್ದ ಮಾತ್ರ

ಚಿತ್ರ ಸರಿ ಇದ್ದಾಗ ಅದನ್ನ ಮುಟ್ಟಲೇಬಾರದು. ಮುಟ್ಟಿದ್ರೆ ಕ್ವಾಲಿಟಿ ಬೀಳುತ್ತೆ, ಟೈಮೂ ಹೋಗುತ್ತೆ. ಅವಿಡೆಮಕ್ಸ್ ಬಳಸೋದು ಅದಕ್ಕೇ.

ಫೈಲ್ ಓಪನ್ ಮಾಡಿ, ಎಡಗಡೆ ಮೂರು ಡ್ರಾಪ್‌ಡೌನ್ ಕಾಣುತ್ತೆ. ಮೇಲಿನದು ವಿಡಿಯೋ ಔಟ್‌ಪುಟ್, ಅದನ್ನ ಕಾಪಿ ಅಂತಲೇ ಬಿಡಿ. ಮಧ್ಯದ್ದು ಆಡಿಯೋ ಔಟ್‌ಪುಟ್, ಮೀಡಿಯಾಇನ್ಫೋಲಿ ಎಎಸಿ ಇತ್ತು ಅಂದ್ರೆ ಅದೂ ಕಾಪಿ, ಬೇರೆ ಏನಾದ್ರೂ ಇದ್ರೆ ಎಎಸಿ ಅಂತ ಇರೋದನ್ನ ಆರಿಸಿ. ಕೆಳಗಿನದು ಔಟ್‌ಪುಟ್ ಫಾರ್ಮ್ಯಾಟ್, ಎಂಪಿ4 ಮಕ್ಸರ್. ಆಮೇಲೆ ಸೇವ್, ಹೊಸ ಹೆಸರಲ್ಲಿ. ಎರಡು ಭಾಷೆ ಆಡಿಯೋ ಇರೋ ಫೈಲ್ ಆದ್ರೆ ಸೇವ್ ಮಾಡೋಕ್ ಮುಂಚೆ ಆಡಿಯೋ ಮೆನುಲಿ ಸೆಲೆಕ್ಟ್ ಟ್ರ್ಯಾಕ್‌ಗೆ ಹೋಗಿ ಬೇಕಾದ ಟ್ರ್ಯಾಕ್ ಟಿಕ್ ಮಾಡಿ, ಇಲ್ದಿದ್ರೆ ಬೇಡದ ಭಾಷೆ ಬಂದು ಕೂತ್ಕೊಳ್ಳುತ್ತೆ.

ಸರಿಯಾಗಿ ಮಾಡಿದ್ರೆ ಹೊಸ ಫೈಲ್ ಸೈಜು ಹೆಚ್ಚು ಕಮ್ಮಿ ಹಳೇದ್ರಷ್ಟೇ ಇರುತ್ತೆ, ಕೆಲಸ ನಿಮಿಷಗಳಲ್ಲಿ ಮುಗಿಯುತ್ತೆ. ಪ್ರೋಗ್ರೆಸ್ ಬಾರಲ್ಲಿ ಎರಡು ಗಂಟೆ ಬಾಕಿ ಅಂತ ತೋರಿಸ್ತಿದ್ರೆ ಎಲ್ಲೋ ವಿಡಿಯೋ ಔಟ್‌ಪುಟ್ ಕಾಪಿ ಬಿಟ್ಟು ಬೇರೆ ಆಗಿದೆ, ನಿಲ್ಸಿ ನೋಡಿ.

ಹಂತ 6: ಪೂರ್ತಿ ಕನ್ವರ್ಟ್, ಬೇರೆ ದಾರಿ ಇಲ್ದಾಗ

ಹ್ಯಾಂಡ್‌ಬ್ರೇಕ್ ಚಿತ್ರನ ಯಾವಾಗ್ಲೂ ಹೊಸದಾಗೇ ಬರೆಯುತ್ತೆ, ಅದ್ರಲ್ಲಿ ಚಿತ್ರಕ್ಕೆ ಕಾಪಿ ಅನ್ನೋದೇ ಇಲ್ಲ. ಅದಕ್ಕೇ ಇದು ಇಷ್ಟು ಕೆಳಗಿರೋದು.

ಫೈಲ್ ಎಳೆದು ಹಾಕಿ, ಪ್ರಿಸೆಟ್ ಫಾಸ್ಟ್ 1080ಪಿ30 ಆರಿಸಿ, ಹಳೇ ಟೀವಿಗಾದ್ರೆ 720ಪಿ30. ಫಾರ್ಮ್ಯಾಟ್ ಎಂಪಿ4. ವಿಡಿಯೋ ಟ್ಯಾಬಲ್ಲಿ ಎನ್‌ಕೋಡರ್ ಎಚ್.264 ಎಕ್ಸ್264, 10 ಬಿಟ್ ಅಂತ ಪಕ್ಕದಲ್ಲಿರೋದನ್ನ ಅಪ್ಪಿತಪ್ಪಿ ಒತ್ತಬೇಡಿ. ಕ್ವಾಲಿಟಿ ಆರ್‌ಎಫ್ 20ರಿಂದ 22. ಇಲ್ಲಿ ಎಲ್ಲಾರೂ ತಲೆಕೆಳಗು ಮಾಡ್ತಾರೆ: ಆರ್‌ಎಫ್ ನಂಬರ್ ಕಮ್ಮಿ ಆದಷ್ಟೂ ಕ್ವಾಲಿಟಿ ಜಾಸ್ತಿ, ಫೈಲ್ ದೊಡ್ಡದು. ಸುಮಾರು 6 ಏರಿಸಿದ್ರೆ ಸೈಜು ಹತ್ತಿರ ಹತ್ತಿರ ಅರ್ಧ ಆಗುತ್ತೆ. ಹಂಗಂತ 30ಕ್ಕೆ ಏರಿಸ್ಬಿಟ್ರೆ ಆರತಿ ಹೊಗೆ, ಜರಿ ಸೀರೆ ಎಲ್ಲಾ ಮಸಿಬಟ್ಟೆ. ಸಣ್ಣ ಸಣ್ಣ ವಿವರ ಓಡಾಡೋ ಕಡೆನೇ ಮೊದಲು ಕೆಡೋದು.

ಆಡಿಯೋ ಎಎಸಿ, ಸ್ಟೀರಿಯೋ, 160. ಫೋನಲ್ಲಿ ತೆಗೆದ ವಿಡಿಯೋ ಆದ್ರೆ ಫ್ರೇಮ್ ರೇಟ್ ಕೆಳಗೆ ಕಾನ್‌ಸ್ಟಂಟ್ ಅಂತ ಒತ್ತಿ. ಫೋನು ಬೆಳಕು ಕಮ್ಮಿ ಆದಾಗ ಫ್ರೇಮ್ ರೇಟ್ ಏರಿಳಿತ ಮಾಡುತ್ತೆ, ಅದನ್ನ ಹಂಗೇ ಎಡಿಟಿಂಗಿಗೆ ಹಾಕಿದ್ರೆ ಹೋಗ್ತಾ ಹೋಗ್ತಾ ತುಟಿ ಒಂದು ಕಡೆ ಮಾತು ಒಂದು ಕಡೆ.

ಪೂರ್ತಿ ಫೈಲ್ ಓಡಿಸೋಕ್ ಮುಂಚೆ ರೇಂಜ್ ಅನ್ನೋದನ್ನ ಸೆಕೆಂಡ್ಸ್‌ಗೆ ಬದಲಾಯಿಸಿ ಒಂದು ನಿಮಿಷ ಮಾತ್ರ ಕನ್ವರ್ಟ್ ಮಾಡಿ, ಆ ತುಂಡು ಟೀವಿಗೆ ಹಾಕಿ ನೋಡಿ. ಅದು ಓಡಿದ್ರೆ ಮಾತ್ರ ರಾತ್ರಿ ಪೂರ್ತಿಗೆ ಬಿಡಿ. ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿ, ಸ್ಲೀಪ್ ಆಫ್ ಮಾಡಿ, ಹಾಸಿಗೆ ಮೇಲಿಡ್ಬೇಡಿ, ಬಿಸಿಯಾಗಿ ತಾನೇ ಆಫ್ ಆಗುತ್ತೆ. ನಮ್ಮ ಕಡೆ ಕರೆಂಟು ಹೋದ್ರೆ ಅರ್ಧ ಆದ ಫೈಲ್ ಕೆಲಸಕ್ಕೆ ಬರಲ್ಲ, ಮೊದಲಿಂದ ಶುರು.

ಆನ್‌ಲೈನ್ ಕನ್ವರ್ಟರ್ ಬಗ್ಗೆ ಒಂದು ಮಾತು. ಮನೆ ಹೆಣ್ಮಕ್ಕಳು, ಮಕ್ಕಳು ಇರೋ ವಿಡಿಯೋನ ಯಾರದ್ದೋ ಸರ್ವರಿಗೆ ಯಾಕೆ ಹಾಕ್ತೀರ, ಅದೂ ಜಿಬಿಗಟ್ಟಲೆ ಡೇಟಾ ಸುಟ್ಕೊಂಡು?

ಹಂತ 7: ಹಳೇ ಸಿಡಿ, ಡಿವಿಡಿ, ಹ್ಯಾಂಡಿಕ್ಯಾಮ್

ಅಪ್ಪ ಅಮ್ಮನ ಮದುವೆ ಕ್ಯಾಸೆಟ್ಟಿಂದ ಸಿಡಿಗೆ ಹಾಕ್ಸಿದ್ದು ಬೀರುವಿನಲ್ಲಿ ಇರುತ್ತಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇದು ತಡ ಆದಷ್ಟೂ ಕೈ ತಪ್ಪುತ್ತೆ.

ವಿಸಿಡಿ ಆದ್ರೆ ಎಂಪಿಇಜಿಎವಿ ಅನ್ನೋ ಫೋಲ್ಡರಲ್ಲಿ ಡಾಟ್ ಡಿಎಟಿ ಫೈಲ್ ಇರುತ್ತೆ. ಒಳಗಿರೋದು ಎಂಪೆಗ್-1, 352 ಇಂಟು 288, ವಿಎಲ್‌ಸಿಲಿ ನೇರ ಓಡುತ್ತೆ. ಇದನ್ನ 1080ಪಿಗೆ ಹಿಗ್ಗಿಸಿದ್ರೆ ಕ್ಲಿಯರ್ ಆಗಲ್ಲ, ಸೈಜಷ್ಟೇ ಉಬ್ಬುತ್ತೆ, ಇದ್ದ ಅಳತೆಲೇ ಎಂಪಿ4 ಮಾಡಿ. ಕಾಪಿ ಆಗ್ತಾ ಆಗ್ತಾ ಸೈಕ್ಲಿಕ್ ರಿಡಂಡೆನ್ಸಿ ಎರರ್ ಬಂದ್ರೆ ಸಿಡಿ ಮೇಲೆ ಗೀರು ಅಥವಾ ಕೊಳೆ ಇದೆ ಅಂತ. ಮೆತ್ತನೆ ಬಟ್ಟೆಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ತಟ್ಟೆ ಒರೆಸೋ ಥರ ಸುತ್ತ ಸುತ್ತ ಅಲ್ಲ. ಒಂದು ಡ್ರೈವ್ ಓದ್ದೇ ಇರೋದನ್ನ ಇನ್ನೊಂದು ಓದಿದ್ದನ್ನ ನಾನೇ ನೋಡಿದ್ದೀನಿ, ಪಕ್ಕದ ಮನೆ ಕಂಪ್ಯೂಟರಲ್ಲೂ ಟ್ರೈ ಮಾಡಿ.

ಡಿವಿಡಿ ಆದ್ರೆ ವಿಡಿಯೋ_ಟಿಎಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ಅದ್ರೊಳಗೆ ಒಂದೊಂದು ಜಿಬಿ ತುಂಡಾಗಿರೋ ವಿಓಬಿ ಫೈಲ್‌ಗಳು, ಒಂದೊಂದನ್ನೇ ಬೇರೆ ಬೇರೆ ಕನ್ವರ್ಟ್ ಮಾಡಿದ್ರೆ ತುಂಡು ಸೇರೋ ಕಡೆ ಮಾಂಗಲ್ಯಧಾರಣೆನೇ ಕಟ್ ಆದ್ರೂ ಆಯ್ತು. ಹ್ಯಾಂಡ್‌ಬ್ರೇಕಿಗೆ ಫೋಲ್ಡರನ್ನೇ ಕೊಡಿ, ಟೈಟಲ್ ಪಟ್ಟಿಲಿ ಉದ್ದವಾಗಿರೋದನ್ನ ಆರಿಸಿ. ಫಿಲ್ಟರ್ಸ್ ಟ್ಯಾಬಲ್ಲಿ ಡಿಇಂಟರ್ಲೇಸ್‌ಗೆ ಡಿಕೋಂಬ್ ಹಾಕಿ. ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡ್ರೆ ಇದನ್ನ ಮರೆತಿದ್ದೀರ ಅಂತ ಅರ್ಥ.

ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲಿಗೂ ಇದೇ ಗೆರೆ ಕಾಟ. ಅದ್ರೊಳಗೆ ಚಿತ್ರ ಎಚ್.264ಏ, ಶಬ್ದ ಸಾಮಾನ್ಯವಾಗಿ ಎಸಿ3, ಮೊದಲು ಐದನೇ ಹಂತ ಮಾಡಿ ಟೀವಿಲಿ ನೋಡಿ, ಎಷ್ಟೋ ಟೀವಿ ಆ ಗೆರೆನ ತಾನೇ ಸರಿ ಮಾಡ್ಕೊಳ್ಳುತ್ತೆ.

ಹಂತ 8: ಫೋನ್, ಕಾರ್

ಆಂಡ್ರಾಯ್ಡಲ್ಲಿ ವಿಎಲ್‌ಸಿ ಹಾಕ್ಕೊಂಡ್ರೆ ಅಲ್ಲಿಗೆ ಮುಗೀತು. ಐಫೋನಲ್ಲಿ ಫೋಟೋಸ್ ಆ್ಯಪ್ ಎಂಕೆವಿ ಒಳಗೆ ಬಿಟ್ಕೊಳ್ಳಲ್ಲ, ವಿಎಲ್‌ಸಿ ಆ್ಯಪ್ ಹಾಕಿ ಅದರ ವೈಫೈ ಶೇರಿಂಗ್ ಆನ್ ಮಾಡಿ, ಅದು ತೋರ್ಸೋ ಅಡ್ರೆಸ್ ಕಂಪ್ಯೂಟರ್ ಬ್ರೌಸರಲ್ಲಿ ಹಾಕಿದ್ರೆ ಫೈಲ್ ಎಳೆದು ಬಿಡಬಹುದು, ಎರಡೂ ಒಂದೇ ವೈಫೈಲಿರ್ಬೇಕು.

ಐಫೋನಲ್ಲಿ ತೆಗೆದ ವಿಡಿಯೋ ಬೇರೆ ಕಡೆ ಓಡ್ತಿಲ್ಲ ಅಂದ್ರೆ ಅದು ಎಚ್‌ಇವಿಸಿ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಮಾಡಿ, ಇನ್ಮೇಲೆ ತೆಗೆಯೋದಕ್ಕೆ ಮಾತ್ರ ಅನ್ವಯ. ಚಿತ್ರ ಬಂದು ಬಣ್ಣ ಬಿಳಿಚ್ಕೊಂಡಿದ್ರೆ ಅದು ಎಚ್‌ಡಿಆರ್, ರೆಕಾರ್ಡ್ ವಿಡಿಯೋ ಸೆಟ್ಟಿಂಗಲ್ಲಿ ಆಫ್ ಮಾಡಿ.

ವಾಟ್ಸಾಪಲ್ಲಿ ವಿಡಿಯೋ ಅಂತ ಕಳ್ಸಿದ್ರೆ ಅದು ಹಿಂಡಿ ಹಿಪ್ಪೆ ಮಾಡಿ ಕಳ್ಸುತ್ತೆ. ಡಾಕ್ಯುಮೆಂಟ್ ಅಂತ ಕಳ್ಸಿ, 2 ಜಿಬಿವರೆಗೆ ಇದ್ದಂಗೇ ಹೋಗುತ್ತೆ.

ಹಳೇ ಕಾರ್ ಸ್ಟೀರಿಯೋಗೆ 720ಪಿ, ಆಗದಿದ್ರೆ 480ಪಿ. ಮೈಸೂರು–ಬೆಂಗಳೂರು ರೋಡಲ್ಲಿ ಓಡಿಸೋರು ನೋಡ್ಬೇಡಿ, ಹಿಂದೆ ಕೂತ ಮಕ್ಕಳಿಗೆ ಮಾತ್ರ.

ಹಂತ 9: ಸಬ್‌ಟೈಟಲ್, ತುಟಿ–ಮಾತು

ಸಬ್‌ಟೈಟಲ್ ಇರೋ ಎಸ್‌ಆರ್‌ಟಿ ಫೈಲಿನ ಹೆಸರು ವಿಡಿಯೋ ಹೆಸರೇ ಇರ್ಬೇಕು, ಒಂದೇ ಫೋಲ್ಡರಲ್ಲಿರ್ಬೇಕು. ಕನ್ನಡ ಸಬ್‌ಟೈಟಲ್ ಗೀಚಿದಂಗೆ ಬಂದ್ರೆ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು ಸೇವ್ ಆಸ್ ಕೊಟ್ಟು ಎನ್‌ಕೋಡಿಂಗ್ ಯುಟಿಎಫ್-8 ಮಾಡಿ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದ್ರೆ ಫಾಂಟ್ ತೊಂದ್ರೆ, ವಿಎಲ್‌ಸಿ ಪ್ರಿಫರೆನ್ಸಸಲ್ಲಿ ಸಬ್‌ಟೈಟಲ್ಸ್ ಕೆಳಗೆ ನಿರ್ಮಲಾ ಯುಐ ಅಥವಾ ನೋಟೋ ಸ್ಯಾನ್ಸ್ ಕನ್ನಡ ಆರಿಸಿ. ಮಾತು ಹಿಂದೆ ಮುಂದೆ ಆಗಿದ್ರೆ ವಿಂಡೋಸ್ ವಿಎಲ್‌ಸಿಲಿ ಜೆ, ಕೆ ಕೀ ಒತ್ತಿ ಸರಿ ಮಾಡ್ಬಹುದು, ಒಂದೊಂದು ಸಲಕ್ಕೆ 50 ಮಿಲಿಸೆಕೆಂಡ್. ಸಬ್‌ಟೈಟಲ್ಲಿಗೆ ಜಿ, ಎಚ್. ಇದು ನೋಡೋವಾಗ ಮಾತ್ರ, ಫೈಲ್ ಬದಲಾಗಲ್ಲ.

ಹಂತ 10: ಕೊನೇ ಚೆಕ್

ಪೆನ್ ಡ್ರೈವಿಗೆ ಹಾಕಿ ಇಜೆಕ್ಟ್ ಮಾಡಿ ತೆಗೀರಿ. ಮನೆ ಟೀವಿಲಲ್ಲ, ಯಾವ ಟೀವಿಲಿ ತೋರಿಸ್ಬೇಕೋ ಅದರಲ್ಲೇ ಹಾಕಿ ಶುರು, ಮಧ್ಯ, ಕೊನೆ ನೋಡಿ. ಛತ್ರದ್ದಾದ್ರೆ ಹಿಂದಿನ ದಿನವೇ ಹೋಗಿ, ಅಡುಗೆ ಭಟ್ರು ತರಕಾರಿ ಹೆಚ್ಚೋಕೆ ಕೂತಿರ್ತಾರಲ್ಲ ಆ ಹೊತ್ತಿಗೆ ಹಾಲ್ ಖಾಲಿ ಇರುತ್ತೆ. ವಾಲಗದ ಸದ್ದು ಕೇಳಿ ಅವರು ತಿರುಗಿ ನೋಡಿದ್ರೆ ಆಡಿಯೋ ಬರ್ತಿದೆ, ಮನೆಗೆ ಹೋಗಿ ಮಲ್ಕೊಳ್ಳಿ.